ನೈತಿಕತೆ ಎಂಬ ಪದದೊಳಗೆ ಏನೇನಿದೆ?

2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ತಾನು ಉತ್ತರಿಸಬೇಕಾದ 7 ಪ್ರಶ್ನೆಗಳನ್ನು ಗೊತ್ತುಪಡಿಸಿತು. ಅವುಗಳಲ್ಲಿ ಒಂದು, ನಿಘಂಟು ಬಿಚ್ಚಿಟ್ಟುಕೊಂಡು ಕುಳಿತವರು ಕೇಳುವಂಥ ಪ್ರಶ್ನೆ: ಸಂವಿಧಾನದ 25 ಮತ್ತು 26ನೆಯ ವಿಧಿಗಳಲ್ಲಿ ಬರುವ ‘ನೈತಿಕತೆ’ ಎಂಬ ಪದದ ವ್ಯಾಪ್ತಿ ಎಷ್ಟು, ಅದರೊಳಗೆ ‘ಸಾಂವಿಧಾನಿಕ ನೈತಿಕತೆ’ಯೂ ಸೇರುತ್ತದೆಯೇ? ಶಬರಿಮಲೆ ದೇಗುಲಕ್ಕೆ ಎಲ್ಲ ವಯಸ್ಸಿನ ಮಹಿಳೆಯರಿಗೂ ಪ್ರವೇಶವಿದೆ ಎಂದು 2018ರ ಸೆಪ್ಟೆಂಬರ್ 28ರಂದು ನಾಲ್ವರ ಬಹುಮತದಿಂದ, ಒಬ್ಬರ ಭಿನ್ನಮತದೊಡನೆ, ಬಂದ ತೀರ್ಪಿನ ಮರುಪರಿಶೀಲನೆಯಲ್ಲಿ ಈ ಪ್ರಶ್ನೆ ಹುಟ್ಟಿತು. ಮಸೀದಿಗೆ ಮಹಿಳೆಯರ ಪ್ರವೇಶ, ಬೇರೆ ಧರ್ಮದವರನ್ನು ಮದುವೆಯಾದ ಪಾರ್ಸಿ ಮಹಿಳೆಯರಿಗೆ ಅಗ್ನಿಮಂದಿರದ ಪ್ರವೇಶ ಮುಂತಾದ ವಿಷಯಗಳೂ ಅದರ ಜೊತೆಗೆ ಸೇರಿಕೊಂಡವು.

ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ಧಾರ್ಮಿಕ ಸ್ವಾತಂತ್ರ್ಯ ಕೊಡುತ್ತದೆ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಮಾತ್ರ ಕೊಡುತ್ತದೆ. ಸುವ್ಯವಸ್ಥೆ ಎಂದರೇನು ಎಂಬುದು ಪೊಲೀಸರಿಗೆ ತಿಳಿದಿದೆ, ಆರೋಗ್ಯ ಎಂದರೇನು ಎಂಬುದು ವೈದ್ಯರಿಗೆ ತಿಳಿದಿದೆ. ನಡುವೆ ಕುಳಿತಿರುವ ಮೂರನೆಯ ಪದವನ್ನು ಅಳೆಯುವವರು ಯಾರು, ಯಾವ ಅಳತೆಗೋಲಿನಿಂದ ಎಂಬುದೇ ತೊಡಕು. ಈ ತೊಡಕಿನ ಬಹುಪಾಲು ಪದದ ಹುಟ್ಟಿನಲ್ಲೇ ಇದೆ ಎಂಬುದು ನನ್ನ ತಿಳಿವಳಿಕೆ. ಆದ್ದರಿಂದ ಪದದ ಜಾಡು ಹಿಡಿದು ಹೋಗುವುದು ಪಂಡಿತರಿಗೆ ಮಾತ್ರ ಬಿಟ್ಟ ಕೆಲಸವೆಂದು ನನಗೆ ಅನಿಸುವುದಿಲ್ಲ.

ದಿನಬಳಕೆಯಲ್ಲಿ ಈ ಪದ

ಕನ್ನಡ ಪತ್ರಿಕೆಯೊಂದನ್ನು ಗಮನವಿಟ್ಟು ಓದಿದರೆ ‘ನೈತಿಕ’ ಎಂಬ ಪದ ಎಷ್ಟು ಕಡೆ ದುಡಿಯುತ್ತಿದೆ ಎಂಬುದು ಕಾಣುತ್ತದೆ. ಸಚಿವರೊಬ್ಬರು ‘ನೈತಿಕ ಹೊಣೆ’ ಹೊತ್ತು ರಾಜೀನಾಮೆ ಕೊಡಬೇಕೆಂಬ ಆಗ್ರಹ ಒಂದು ಪುಟದಲ್ಲಿದ್ದರೆ, ಧರಣಿ ಕುಳಿತವರಿಗೆ ‘ನೈತಿಕ ಬೆಂಬಲ’ ಇನ್ನೊಂದು ಪುಟದಲ್ಲಿ ಇರುತ್ತದೆ; ಮಗದೊಂದು ಕಡೆ ‘ನೈತಿಕ ಪೊಲೀಸ್‌ಗಿರಿ’ಯ ಸುದ್ದಿ, ಅದರ ಪಕ್ಕದಲ್ಲೇ ‘ಅನೈತಿಕ ಸಂಬಂಧ’ದ ಶಂಕೆಯಿಂದ ನಡೆದ ಕೊಲೆಯ ವರದಿ.

ಇವುಗಳಲ್ಲಿ ‘ನೈತಿಕ ಹೊಣೆ’ ಎಂದರೆ ಕಾನೂನು ಹೊರಿಸದ, ಆದರೆ ತಾನಾಗಿ ಹೊತ್ತುಕೊಳ್ಳುವ ಹೊಣೆ. 1956ರಲ್ಲಿ ಅರಿಯಲೂರು ರೈಲು ದುರಂತದ ನಂತರ ರೈಲ್ವೆ ಸಚಿವರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟಾಗ ಆ ಅಪಘಾತಕ್ಕೆ ಅವರು ಕಾರಣರೆಂದು ಯಾರೂ ಹೇಳಿರಲಿಲ್ಲ. 1984ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ 4 ಮಾತ್ರ ದೊರೆತಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಅಧಿಕಾರ ಬಿಟ್ಟು ವಿಧಾನಸಭೆಗೆ ಹೊಸದಾಗಿ ಚುನಾವಣೆ ಎದುರಿಸಿದರು. ಕಾನೂನಿನ ಪ್ರಕಾರ ಅವರು ಮುಂದುವರಿಯಲು ಯಾವ ಅಡ್ಡಿಯೂ ಇರಲಿಲ್ಲ.

‘ನೈತಿಕ ಬೆಂಬಲ’ದಲ್ಲಿ ಪದದ ಅರ್ಥ ಬೇರೆ. ಇಲ್ಲಿ ಸರಿ-ತಪ್ಪಿನ ಮಾತೇ ಇಲ್ಲ. ಹಣ ಅಥವಾ ತೋಳ್ಬಲ ಕೊಡದೆ ಮನಸ್ಸಿನಿಂದ ಜೊತೆಗಿದ್ದೇವೆ ಎಂದಷ್ಟೇ ಅರ್ಥ. ‘ಪೊಲೀಸರ ನೈತಿಕ ಸ್ಥೈರ್ಯ ಕುಗ್ಗಿದೆ’ ಎಂದು ಬರೆಯುವಾಗಲೂ ಹೇಳಹೊರಟಿರುವುದು ಕೆಚ್ಚು, ಹುಮ್ಮಸ್ಸು ಎಂಬ ಅರ್ಥವನ್ನು. ಯುರೋಪಿನ ಭಾಷೆಗಳಲ್ಲಿ ‘ಮಾರಲ್’ ಎಂಬ ಪದಕ್ಕೆ ‘ದೇಹಕ್ಕಲ್ಲ, ಮನಸ್ಸಿಗೆ ಸಂಬಂಧಿಸಿದ’ ಎಂಬ ಅರ್ಥವೂ ಒಂದು ಕಾಲದಲ್ಲಿ ಬೆಳೆದಿತ್ತು. ಅನುವಾದ ಮಾಡುವಾಗ ನಾವು ಅದನ್ನೂ ‘ನೈತಿಕ’ದ ಮಡಿಲಿಗೆ ಹಾಕಿದೆವು.

ಮೂಲದಲ್ಲಿ ಇದ್ದದ್ದು ರೂಢಿ

ಇಂಗ್ಲಿಷಿನ ‘ಮೊರಾಲಿಟಿ’ ಹುಟ್ಟಿದ್ದು ಲ್ಯಾಟಿನ್ ಭಾಷೆಯ ‘ಮೋಸ್’ ಎಂಬ ಪದದಿಂದ. ನಮ್ಮ ‘ಮೋಸ’ಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಅದರ ಬಹುವಚನ ‘ಮೋರೇಸ್’. ರೂಢಿ, ವಾಡಿಕೆ, ಹಿರಿಯರಿಂದ ಬಂದ ಕಟ್ಟಳೆ ಎಂಬುದು ಅದರ ಅರ್ಥ. ಬಹುವಚನದಲ್ಲಿ ಒಬ್ಬ ವ್ಯಕ್ತಿಯ ನಡವಳಿಕೆ, ಸ್ವಭಾವ ಎಂಬ ಅರ್ಥವೂ ಬರುತ್ತದೆ. ರೋಮನ್ನರು ಬಹಳ ಗೌರವದಿಂದ ‘ಹಿರಿಯರ ಮೋಸ್’ ಎಂದು ಹೇಳುವಾಗ ನಮ್ಮ ಹಳ್ಳಿಗಳಲ್ಲಿ ‘ಹಿಂದಿನಿಂದ ನಡೆದುಕೊಂಡು ಬಂದದ್ದು’ ಎಂದು ಹೇಳುವ ಅದೇ ಧಾಟಿ ಇತ್ತು.

ಈ ಪದಕ್ಕೆ ಹೊಸ ರೂಪ ಕೊಟ್ಟವನು ಸಿಸೆರೊ. ಇವನು ರೋಮ್‌ನ ರಾಜಕಾರಣಿ, ವಕೀಲ, ಗ್ರೀಕರ ತತ್ತ್ವಶಾಸ್ತ್ರವನ್ನು ತನ್ನ ನುಡಿಗೆ ತಂದ ಬರಹಗಾರ. ಕ್ರಿ.ಪೂ. 44ರ ಸುಮಾರಿಗೆ ವಿಧಿಯನ್ನು ಕುರಿತು ಬರೆದ ಗ್ರಂಥದ ಮೊದಲಲ್ಲೇ ಅವನು ಒಂದು ಭಾಷಾ ಸಮಸ್ಯೆಯನ್ನು ಎತ್ತಿಕೊಳ್ಳುತ್ತಾನೆ: ಗ್ರೀಕರು ಏಥೋಸ್ ಎಂದು ಕರೆಯುವುದಕ್ಕೆ ಸಂಬಂಧಿಸಿದ ತತ್ತ್ವಶಾಸ್ತ್ರದ ಭಾಗವನ್ನು ನಾವು ‘ಮೋರೇಸ್‌ಗಳ ಕುರಿತಾದದ್ದು’ ಎಂದು ಸುತ್ತಿಬಳಸಿ ಹೇಳುತ್ತಿದ್ದೇವೆ, ಆದರೆ ಲ್ಯಾಟಿನ್ ನುಡಿಯನ್ನು ಬೆಳೆಸಬೇಕಾದವನು ಅದಕ್ಕೆ ‘ಮೊರಾಲಿಸ್’ ಎಂಬ ಹೆಸರು ಕೊಡುವುದು ಸೂಕ್ತ. ಗ್ರೀಕ್ ಪದಕ್ಕೆ ಸಮನಾಗಿ ತನ್ನ ನುಡಿಯಲ್ಲೊಂದು ಪದ ಬೇಕೆಂದು ಒಬ್ಬ ಅನುವಾದಕ ಪಟ್ಟ ಈ ಪಾಡು, ಕನ್ನಡದಲ್ಲಿ ಪಾರಿಭಾಷಿಕ ಪದ ಕಟ್ಟಿದವರಿಗೆಲ್ಲ ಪರಿಚಿತವಾದದ್ದೇ. ಆ ‘ಮೊರಾಲಿಸ್’ನಿಂದ ಮುಂದೆ ‘ಮೊರಾಲಿತಾಸ್’ ಬಂತು, ಅದು ಫ್ರೆಂಚಿನ ಮೂಲಕ 14ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಇಳಿಯಿತು.

ಹೀಗಾಗಿ ‘ಎಥಿಕ್ಸ್’ ಮತ್ತು ‘ಮೊರಾಲಿಟಿ’ ಹುಟ್ಟಿನಲ್ಲಿ ಎರಡು ಬೇರೆ ಸಂಗತಿಗಳಲ್ಲ. ಒಂದು ಗ್ರೀಕ್ ಪದ, ಇನ್ನೊಂದು ಅದರ ಲ್ಯಾಟಿನ್ ಅನುವಾದ. ವೃತ್ತಿಯ ನಿಯಮಗಳಿಗೆ ಒಂದನ್ನು, ಖಾಸಗಿ ಬದುಕಿಗೆ ಇನ್ನೊಂದನ್ನು ಹಂಚಿದ್ದು ನಂತರದವರ ಅನುಕೂಲಕ್ಕಾಗಿ.

ಎಥೋಸ್ ಮತ್ತು ಏಥೋಸ್

ಸಿಸೆರೊ ಅನುವಾದಿಸಿದ ಗ್ರೀಕ್ ಪದದ ಒಳಗೂ ಒಂದು ಕಥೆ ಇದೆ. ಅದನ್ನು ಕನ್ನಡದಲ್ಲಿ ಹೇಳುವುದು ಸುಲಭ, ಏಕೆಂದರೆ ಹ್ರಸ್ವ ‘ಎ’ ಮತ್ತು ದೀರ್ಘ ‘ಏ’ ಎರಡಕ್ಕೂ ಗ್ರೀಕರಂತೆಯೇ ನಮಗೂ ಬೇರೆ ಬೇರೆ ಅಕ್ಷರಗಳಿವೆ. ಹ್ರಸ್ವದ ‘ಎಥೋಸ್’ ಎಂದರೆ ಅಭ್ಯಾಸ, ರೂಢಿ. ದೀರ್ಘದ ‘ಏಥೋಸ್’ ಎಂದರೆ ಗುಣ, ಸ್ವಭಾವ. ಒಳ್ಳೆಯ ಗುಣವೆಂಬುದು ಅಭ್ಯಾಸದಿಂದ ಬರುತ್ತದೆ, ಅದರ ಹೆಸರೇ ಅಭ್ಯಾಸವೆಂಬ ಪದದ ತುಸು ಬದಲಾದ ರೂಪ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಮನೆ ಕಟ್ಟುತ್ತಾ ಒಬ್ಬನು ಗಾರೆಯವನಾಗುವಂತೆ, ನ್ಯಾಯವಾಗಿ ನಡೆಯುತ್ತಾ ಒಬ್ಬನು ನ್ಯಾಯವಂತನಾಗುತ್ತಾನೆ ಎಂಬುದು ಅವನ ವಿವರಣೆ.

ಇದಕ್ಕಿಂತಲೂ ಹಿಂದೆ, ಹೋಮರನ ಕಾವ್ಯದಲ್ಲಿ, ದೀರ್ಘದ ಆ ಪದವು ಬಹುವಚನದಲ್ಲಿ ಪ್ರಾಣಿಗಳು ರೂಢಿಯಾಗಿ ಸೇರುವ ತಾಣ ಎಂಬ ಅರ್ಥದಲ್ಲಿ ಬರುತ್ತದೆ: ಕಟ್ಟು ಕಿತ್ತುಕೊಂಡ ಕುದುರೆಯೊಂದು ತಾನು ಬಲ್ಲ ಮೇವಿನ ತಾಣದ ಕಡೆಗೆ ಓಡುತ್ತದೆ. ಮೇಯಲು ಹೋದ ಹಸು ಹೊತ್ತು ಮುಳುಗುವಾಗ ಯಾರೂ ಹೊಡೆಯದೆ ತಾನಾಗಿ ಕೊಟ್ಟಿಗೆಗೆ ಬರುವುದನ್ನು ನೋಡಿದವರಿಗೆ, ತಾಣವನ್ನು ಸೂಚಿಸುವ ಪದ ಹೇಗೆ ಅಭ್ಯಾಸಕ್ಕೂ ಅಲ್ಲಿಂದ ಗುಣಕ್ಕೂ ಹರಿಯಿತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಪದ ಬಂದ ದಾರಿ

‘ನೈತಿಕತೆ’ಯ ಬೇರು ಇರುವುದು ಸಂಸ್ಕೃತದ ‘ನೀ’ ಎಂಬ ಧಾತುವಿನಲ್ಲಿ. ಒಯ್ಯುವುದು, ಕರೆದೊಯ್ಯುವುದು, ಮುನ್ನಡೆಸುವುದು ಎಂದು ಅದರ ಅರ್ಥ. ಅದರಿಂದ ‘ನೀತಿ’. ವೇದದಿಂದ ವೈದಿಕ, ದಿನದಿಂದ ದೈನಿಕ ಆಗುವ ವ್ಯಾಕರಣದ ಕ್ರಮದಲ್ಲೇ ನೀತಿಯಿಂದ ನೈತಿಕ. ಅದಕ್ಕೆ ‘ತೆ’ ಸೇರಿ ನೈತಿಕತೆ. ಮುಂದೆ ನಡೆಸುವವನು ನಾಯಕ, ದಾರಿ ತೋರಿಸಿ ಒಯ್ಯುವುದರಿಂದ ಕಣ್ಣು ನೇತ್ರ, ಗುರುವಿನ ಬಳಿಗೆ ಒಯ್ಯುವುದು ಉಪನಯನ, ಅಗ್ನಿಯ ಸುತ್ತ ಕೈಹಿಡಿದು ಒಯ್ಯುವುದರಿಂದ ಮದುವೆ ಪರಿಣಯ, ಭಾವವನ್ನು ನೋಡುವವರ ಕಡೆಗೆ ಒಯ್ಯುವುದು ಅಭಿನಯ. ವಿನಯವೂ ಇದೇ ಮನೆಯದು. ‘ನ್ಯಾಯ’ವೂ ಹಾಗೆಯೇ ಕಂಡರೂ ವೈಯಾಕರಣರು ಅದನ್ನು ಹೋಗುವುದು ಎಂಬ ಅರ್ಥದ ‘ಇ’ ಧಾತುವಿಗೆ ಸೇರಿಸುತ್ತಾರೆ.

ಆದರೆ ಹಳೆಯ ‘ನೀತಿ’ ಇಂದಿನ ನೈತಿಕತೆಯಷ್ಟು ಸಾಧುವಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ನಾಲ್ಕು ವಿದ್ಯೆಗಳಲ್ಲಿ ಒಂದನ್ನು ‘ದಂಡನೀತಿ’ ಎಂದು ಕರೆಯುತ್ತದೆ; ದಂಡವನ್ನು, ಅಂದರೆ ರಾಜನ ಅಧಿಕಾರವನ್ನು, ನಡೆಸುವ ಬಗೆ ಎಂಬುದು ಅದರ ಅರ್ಥ. (ಈ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚಿಗೆ ತಂದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು.) ಗೂಢಚಾರರನ್ನು ಎಲ್ಲಿ ನೇಮಿಸಬೇಕು, ತೆರಿಗೆ ಹೇಗೆ ಎತ್ತಬೇಕು ಎಂಬುದೆಲ್ಲ ಅಲ್ಲಿ ನೀತಿಯ ಭಾಗವೇ.

ಪಂಚತಂತ್ರದ ಚೌಕಟ್ಟಿನ ಕಥೆಯಲ್ಲಿಯೂ ವಿಷ್ಣುಶರ್ಮನು ದಡ್ಡ ರಾಜಕುಮಾರರಿಗೆ ಆರು ತಿಂಗಳಲ್ಲಿ ಕಲಿಸುವುದಾಗಿ ಹೇಳುವುದು ನೀತಿಶಾಸ್ತ್ರವನ್ನು. ದುರ್ಗಸಿಂಹ 11ನೆಯ ಶತಮಾನದಲ್ಲೇ ಕನ್ನಡಕ್ಕೆ ತಂದ ಈ ಕಥೆಗಳ ಪರಂಪರೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಿಂಹ-ಮೊಲದ ಕಥೆಯನ್ನೇ ನೋಡಬಹುದು. ಮೊಲವು ಬೇಕೆಂದೇ ತಡವಾಗಿ ಬರುತ್ತದೆ, ದಾರಿಯಲ್ಲಿ ಇನ್ನೊಂದು ಸಿಂಹ ತಡೆಯಿತೆಂದು ಸುಳ್ಳು ಹೇಳುತ್ತದೆ, ಬಾವಿಯ ನೀರಿನಲ್ಲಿ ಸಿಂಹಕ್ಕೆ ಅದರ ನೆರಳನ್ನೇ ತೋರಿಸಿ ಕೊಲ್ಲಿಸುತ್ತದೆ. ‘ಸುಳ್ಳು ಹೇಳಬಾರದು’ ಎಂಬುದು ನೈತಿಕತೆಯ ಮೊದಲ ಪಾಠವಾಗಿದ್ದರೆ ಈ ಕಥೆ ‘ನೀತಿಕಥೆ’ ಎನಿಸಿಕೊಳ್ಳಲಾರದು. ನೀತಿ ಎಂದರೆ ಬಲವಿಲ್ಲದವನು ಬುದ್ಧಿಯಿಂದ ಬದುಕುವ ದಾರಿ ಎಂಬ ಹಳೆಯ ಅರ್ಥದಲ್ಲಿ ಮಾತ್ರ ಆ ಹೆಸರು ಸರಿಯಾಗುತ್ತದೆ.

ಆ ಹಳೆಯ ಅರ್ಥ ಸತ್ತಿಲ್ಲ. ‘ಶಿಕ್ಷಣ ನೀತಿ’, ‘ಕೈಗಾರಿಕಾ ನೀತಿ’, ರಿಸರ್ವ್ ಬ್ಯಾಂಕಿನ ‘ಹಣಕಾಸು ನೀತಿ’ ಎಂದು ನಾವು ಹೇಳುವಾಗ ಮಾತನಾಡುತ್ತಿರುವುದು ಕೌಟಿಲ್ಯನ ನೀತಿಯನ್ನು. ‘ನೀತಿಗೆಟ್ಟವನು’ ಎಂದು ಬೈಯುವಾಗ ಇನ್ನೊಂದನ್ನು. ಇಂಗ್ಲಿಷಿನಲ್ಲಿ ‘ಪಾಲಿಸಿ’ ಮತ್ತು ‘ಮೊರಾಲಿಟಿ’ ಎಂದು ಬೇರೆಯಾಗಿ ನಿಲ್ಲುವ ಎರಡನ್ನೂ ಕನ್ನಡ ಒಂದೇ ಪದದಲ್ಲಿ ಇಟ್ಟುಕೊಂಡಿದೆ.

ನಡತೆ, ಆಚಾರ, ಚಾರಿತ್ರ್ಯ

ನೀತಿ ಪಂಡಿತರ ಪದ. ಮನೆಮಾತಿನಲ್ಲಿ ಇದೇ ಕೆಲಸವನ್ನು ಮಾಡುವ ಪದ ‘ನಡತೆ’. ಶಾಲೆ ಬಿಡುವಾಗ ಕೊಡುವ ವರ್ಗಾವಣೆ ಪತ್ರದಲ್ಲಿ ಹೆಸರು, ಹುಟ್ಟಿದ ದಿನ, ಓದಿದ ತರಗತಿ ಎಲ್ಲ ತುಂಬಿದ ಮೇಲೆ ಕೆಳಗೆ ‘ನಡತೆ’ ಎಂಬ ಸಾಲೊಂದು ಬರುತ್ತದೆ. ಅದರ ಮುಂದೆ ‘ಉತ್ತಮ’ ಎಂದೋ ‘ತೃಪ್ತಿಕರ’ ಎಂದೋ ಬರೆದು, ಮುಖ್ಯೋಪಾಧ್ಯಾಯರು ಸಹಿ ಹಾಕಿ, ಶಾಲೆಯ ಮೊಹರು ಒತ್ತುತ್ತಾರೆ. ಹತ್ತಾರು ವರ್ಷ ಒಂದು ಮಗು ಹೇಗೆ ಬಾಳಿತು ಎಂಬುದಕ್ಕೆ ಆ ಒಂದು ಪದವೇ ದಾಖಲೆ.

ನಡೆಯುವುದು ಎಂಬ ಕಾಲಿನ ಕೆಲಸದಿಂದಲೇ ನಡತೆ, ನಡವಳಿಕೆ, ನಡೆನುಡಿ ಎಲ್ಲವೂ ಬಂದಿವೆ. ತಮಿಳಿನ ‘ನಡತ್ತೈ’, ತೆಲುಗಿನ ‘ನಡತ’ ಕೂಡ ಹೀಗೆಯೇ. ಸಂಸ್ಕೃತದ ‘ಆಚಾರ’ ಮತ್ತು ‘ಚಾರಿತ್ರ್ಯ’ದ ಮೂಲದಲ್ಲಿರುವ ‘ಚರ್’ ಎಂಬ ಧಾತುವಿಗೂ ನಡೆದಾಡುವುದು, ಸಂಚರಿಸುವುದು ಎಂದೇ ಅರ್ಥ. ಲ್ಯಾಟಿನ್ ಪದ ರೂಢಿಯನ್ನು ನೋಡಿದರೆ, ನಮ್ಮ ಪದಗಳು ದಾರಿಯನ್ನು ನೋಡುತ್ತವೆ: ನೀತಿ ಕರೆದೊಯ್ಯುತ್ತದೆ, ನಡತೆ ನಡೆಯುತ್ತದೆ, ಕೆಟ್ಟವನು ‘ದಾರಿ ತಪ್ಪುತ್ತಾನೆ’, ‘ಅಡ್ಡದಾರಿ ಹಿಡಿಯುತ್ತಾನೆ’.

ಆಚಾರ ಎಂಬ ಪದದ ಪಯಣ ಇನ್ನೂ ಗಮನಿಸಬೇಕಾದದ್ದು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ‘ಸದಾಚಾರ’ ಎಂದರೆ ಒಂದು ನಿರ್ದಿಷ್ಟ ನಾಡಿನಲ್ಲಿ ಪರಂಪರೆಯಿಂದ ಬಂದ ಆಚಾರ. ರೋಮನ್ನರ ‘ಹಿರಿಯರ ಮೋಸ್’ಗೆ ಇದು ತೀರಾ ಹತ್ತಿರ. 12ನೆಯ ಶತಮಾನದಲ್ಲಿ ಬಸವಣ್ಣನವರು ‘ಆಚಾರವೇ ಸ್ವರ್ಗ, ಅನಾಚಾರವೇ ನರಕ’ ಎನ್ನುವಾಗ, ಅದರ ಹಿಂದಿನ ಸಾಲುಗಳಲ್ಲಿ ಇರುವುದು ಸತ್ಯ ನುಡಿಯುವ ಮತ್ತು ಮಿಥ್ಯ ನುಡಿಯುವ ಮಾತು. ಪದ ಹಳೆಯದೇ, ಕುಲದ ವಾಡಿಕೆಯಿಂದ ಅದನ್ನು ಕಳಚಿ, ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದಕ್ಕೆ ಕಟ್ಟಲಾಗಿದೆ.

ಕಾಲುದಾರಿ ಮತ್ತು ಬಾವಿ

ಹೊಲದ ನಡುವಿನ ಕಾಲುದಾರಿಯನ್ನು ಯಾರೂ ಕೂತು ಯೋಜಿಸಿ ಮಾಡುವುದಿಲ್ಲ. ಹತ್ತು ಜನ ತುಳಿದದ್ದನ್ನು ಹನ್ನೊಂದನೆಯವನು ತುಳಿಯುತ್ತಾನೆ, ಹುಲ್ಲು ಸಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ದಾರಿಯಾಗುತ್ತದೆ. ರೂಢಿ ಎಂಬ ಅರ್ಥದ ನೈತಿಕತೆ ಈ ಕಾಲುದಾರಿಯಂಥದ್ದು: ಒಂದು ಸಮುದಾಯದಲ್ಲಿ ಜನ ಯಾವುದನ್ನು ಸರಿ ಎಂದು ನಂಬಿ ನಡೆದುಕೊಂಡು ಬಂದಿದ್ದಾರೆ ಎಂಬುದರ ವರ್ಣನೆ. ಆದರೆ ದಾರಿ ನೀರಿರುವ ಬಾವಿಗೆ ಹೋಗುತ್ತದೆಯೋ ಬತ್ತಿದ ಬಾವಿಗೆ ಹೋಗುತ್ತದೆಯೋ ಎಂಬುದು ಬೇರೆ ಪ್ರಶ್ನೆ. ಎಷ್ಟು ಜನ ನಡೆದಿದ್ದಾರೆ ಎಂದು ಎಣಿಸಿದರೆ ಅದಕ್ಕೆ ಉತ್ತರ ಸಿಗುವುದಿಲ್ಲ. ಇದು ನೈತಿಕತೆಯ ಎರಡನೆಯ ಅರ್ಥ: ಜನ ಏನನ್ನೇ ಮಾಡುತ್ತಿರಲಿ, ಮಾಡಬೇಕಾದದ್ದು ಯಾವುದು?

ಎರಡೂ ಅರ್ಥಗಳು ಒಂದೇ ಪದದಲ್ಲಿರುವುದರಿಂದ ‘ಇದು ನಮ್ಮ ಸಮಾಜದ ನೈತಿಕತೆಗೆ ವಿರುದ್ಧ’ ಎಂಬ ವಾಕ್ಯ ಏನು ಹೇಳುತ್ತಿದೆ ಎಂಬುದು ಕೂಡಲೇ ಗೊತ್ತಾಗುವುದಿಲ್ಲ. ನಮ್ಮಲ್ಲಿ ರೂಢಿಯಿಲ್ಲ ಎನ್ನುತ್ತಿದೆಯೋ, ಮಾಡುವುದು ತಪ್ಪು ಎನ್ನುತ್ತಿದೆಯೋ? ಅಸ್ಪೃಶ್ಯತೆ ಶತಮಾನಗಳ ಕಾಲ ರೂಢಿಯ ಅರ್ಥದಲ್ಲಿ ‘ಆಚಾರ’ವೇ ಆಗಿತ್ತು, ಸಂವಿಧಾನದ 17ನೆಯ ವಿಧಿ ಅದನ್ನು ರದ್ದುಪಡಿಸಿತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಹಿರಿಯರಿಂದ ಬಂದ ಪದ್ಧತಿಯೇ ಆಗಿತ್ತು. 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯು, ಆ ಹೆಣ್ಣುಮಗಳ ಒಪ್ಪಿಗೆ ಇದ್ದರೂ ಇಲ್ಲದಿದ್ದರೂ, ಅಂಥ ಸಮರ್ಪಣೆ ಕಾನೂನುಬಾಹಿರ ಎಂದಿತು. ಎರಡನೆಯ ಅರ್ಥದ ನೈತಿಕತೆ ಮೊದಲನೆಯದನ್ನು ತಡೆದು ನಿಲ್ಲಿಸಿದ ಉದಾಹರಣೆಗಳಿವು. ಇದರರ್ಥ ರೂಢಿಯೆಲ್ಲ ಕೆಟ್ಟದ್ದೆಂದಲ್ಲ. ಬಂದ ಅತಿಥಿಗೆ ನೀರು ಕೊಡುವುದನ್ನು, ಸಾವಿನ ಮನೆಗೆ ನೆರೆಯವರು ಅಡುಗೆ ಮಾಡಿ ಕಳಿಸುವುದನ್ನು ನಮಗೆ ಕಲಿಸಿದ್ದೂ ರೂಢಿಯೇ.

ಕಾನೂನಿನ ಪುಟಗಳಲ್ಲಿ

1872ರ ಭಾರತೀಯ ಕರಾರು ಕಾಯ್ದೆಯ 23ನೆಯ ಕಲಮಿನ ಪ್ರಕಾರ, ಕರಾರಿನ ಉದ್ದೇಶ ನ್ಯಾಯಾಲಯದ ದೃಷ್ಟಿಯಲ್ಲಿ ಅನೈತಿಕವಾಗಿದ್ದರೆ ಅಥವಾ ಸಾರ್ವಜನಿಕ ನೀತಿಗೆ ವಿರುದ್ಧವಾಗಿದ್ದರೆ ಅದು ಕಾನೂನುಬದ್ಧವಲ್ಲ. ಕನ್ನಡದಲ್ಲಿ ಓದುವವರಿಗೆ ಇಲ್ಲಿ ನೀತಿಯ ಎರಡೂ ಮುಖಗಳು ಒಂದೇ ವಾಕ್ಯದಲ್ಲಿ ಸಿಗುತ್ತವೆ.

ಈ ‘ಅನೈತಿಕ’ ಎಷ್ಟು ಅಗಲ ಎಂಬುದನ್ನು ಸುಪ್ರೀಂ ಕೋರ್ಟ್ 1959ರಲ್ಲಿ ಒಂದು ಬಾಜಿ ವ್ಯವಹಾರದ ಮೊಕದ್ದಮೆಯಲ್ಲಿ ಪರಿಶೀಲಿಸಿತು. ಗೋಧಿಯ ಬೆಲೆಯ ಏರಿಳಿತದ ಮೇಲೆ ಬಾಜಿ ಕಟ್ಟಲು ಪಾಲುದಾರಿಕೆ ಮಾಡಿಕೊಂಡಿದ್ದವರಲ್ಲಿ ಒಬ್ಬನು ನಷ್ಟ ಬಂದಾಗ ತನ್ನ ಪಾಲು ಕೊಡಲು ಒಪ್ಪಲಿಲ್ಲ. ಬಾಜಿಯೇ ಅನೈತಿಕ, ಆದ್ದರಿಂದ ಕರಾರೂ ಅನೈತಿಕ ಎಂಬುದು ಅವನ ವಾದಗಳಲ್ಲೊಂದು. ನೈತಿಕತೆಯ ಅಳತೆ ಕಾಲಕಾಲಕ್ಕೆ ಬದಲಾಗುತ್ತದೆ, ಆದ್ದರಿಂದ ಈ ಕಲಮಿನ ‘ಅನೈತಿಕ’ವನ್ನು ಹಿಂದಿನ ತೀರ್ಪುಗಳು ಲೈಂಗಿಕ ವಿಷಯಗಳಿಗಷ್ಟೇ ಮಿತಗೊಳಿಸಿವೆ ಎಂದು ನ್ಯಾಯಾಲಯ ಹೇಳಿತು. ಅವನ ವಾದ ನಿಲ್ಲಲಿಲ್ಲ.

ಪತ್ರಿಕೆಗಳ ‘ಅನೈತಿಕ ಸಂಬಂಧ’, ‘ಅನೈತಿಕ ಚಟುವಟಿಕೆ’ಗಳಲ್ಲಿ ಕಾಣುವುದೂ ಈ ಇಕ್ಕಟ್ಟಾದ ಅರ್ಥವೇ. ಲಂಚ ಪಡೆದವನನ್ನು ನಾವು ಭ್ರಷ್ಟನೆನ್ನುತ್ತೇವೆ, ಕಲಬೆರಕೆ ಮಾಡಿದವನನ್ನು ವಂಚಕನೆನ್ನುತ್ತೇವೆ. ‘ಅನೈತಿಕ’ ಎಂಬ ಹಣೆಪಟ್ಟಿಯನ್ನು ಮಾತ್ರ ಬಹುತೇಕ ಗಂಡು-ಹೆಣ್ಣಿನ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಇದು ಪದಕ್ಕೆ ಆದ ದೊಡ್ಡ ನಷ್ಟ.

ಸಾಂವಿಧಾನಿಕ ನೈತಿಕತೆ ಎಂಬ ಹೊಸ ಜೋಡಿ

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಂವಿಧಾನ ಸಭೆಯ ಮುಂದಿಡುತ್ತಾ ಅಂಬೇಡ್ಕರ್ ಅವರು ಈ ಜೋಡಿಪದವನ್ನು ಬಳಸಿದರು. ಅದನ್ನು ಅವರು ಎತ್ತಿಕೊಂಡದ್ದು 19ನೆಯ ಶತಮಾನದಲ್ಲಿ ಗ್ರೀಸಿನ ಇತಿಹಾಸ ಬರೆದ ಜಾರ್ಜ್ ಗ್ರೋಟ್ ಅವರಿಂದ. ಸಂವಿಧಾನದ ಕಟ್ಟಳೆಗಳಿಗೆ ಎಲ್ಲರೂ ಗೌರವ ಕೊಡುವುದು, ಜೊತೆಗೆ ಅಧಿಕಾರದಲ್ಲಿರುವವರನ್ನು ಅಂಜದೆ ಟೀಕಿಸುವುದು, ಈ ಎರಡೂ ಒಟ್ಟಿಗೆ ಇರುವ ಮನೋಧರ್ಮವೇ ಗ್ರೋಟ್ ಹೇಳಿದ ಸಾಂವಿಧಾನಿಕ ನೈತಿಕತೆ. ಅದು ತಾನಾಗಿ ಹುಟ್ಟುವ ಭಾವನೆಯಲ್ಲ, ಬೆಳೆಸಿಕೊಳ್ಳಬೇಕಾದದ್ದು ಎಂದ ಅಂಬೇಡ್ಕರ್, ಆಡಳಿತದ ಸಣ್ಣಪುಟ್ಟ ವಿವರಗಳನ್ನೂ ಸಂವಿಧಾನದಲ್ಲಿ ಬರೆದಿಡಬೇಕಾಗಿ ಬಂದದ್ದಕ್ಕೆ ಅದನ್ನೇ ಕಾರಣವಾಗಿ ಕೊಟ್ಟರು. ಗುಣ ಬರುವುದು ಅಭ್ಯಾಸದಿಂದ ಎಂಬ ಅರಿಸ್ಟಾಟಲನ ಮಾತು ಇಲ್ಲಿ ಬೇರೊಂದು ಸಭೆಯಲ್ಲಿ ಕೇಳಿಸುತ್ತದೆ.

ಇಂದು ನ್ಯಾಯಾಲಯಗಳು ಬಳಸುವ ಅರ್ಥ ಇದಕ್ಕಿಂತ ಹಿಗ್ಗಿದೆ. 2009ರಲ್ಲಿ ದೆಹಲಿ ಹೈಕೋರ್ಟ್, ನಂತರ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಡುವಾಗ ‘ಸಾಮಾಜಿಕ ನೈತಿಕತೆ’ಯನ್ನು ಒಂದು ಕಡೆ, ‘ಸಾಂವಿಧಾನಿಕ ನೈತಿಕತೆ’ಯನ್ನು ಇನ್ನೊಂದು ಕಡೆ ಇಟ್ಟು, ಎರಡನೆಯದೇ ಮೇಲು ಎಂದವು. ಇಲ್ಲಿ ಅದರ ಅರ್ಥ ಸಮಾನತೆ, ಸ್ವಾತಂತ್ರ್ಯ, ಘನತೆ ಮುಂತಾದ ಸಂವಿಧಾನದ ಮೌಲ್ಯಗಳು. ಬಹುಜನರ ರೂಢಿಯನ್ನು ಅಳತೆಗೋಲಾಗಿಟ್ಟರೆ ಸಂಖ್ಯೆಯಲ್ಲಿ ಕಡಿಮೆ ಇರುವವರ ಹಕ್ಕಿಗೆ ರಕ್ಷಣೆ ಉಳಿಯುವುದಿಲ್ಲ ಎಂಬುದು ಇದನ್ನು ಒಪ್ಪುವವರ ವಾದ. ಒಪ್ಪದವರ ವಾದವೂ ತೂಕದ್ದೇ: 25ನೆಯ ವಿಧಿಯಲ್ಲಿ ‘ಸಾಂವಿಧಾನಿಕ’ ಎಂಬ ವಿಶೇಷಣವಿಲ್ಲ, ಅದನ್ನು ಸೇರಿಸಿ ಓದಿದರೆ ಪ್ರತಿಯೊಂದು ಪಂಥದ ಆಚರಣೆಯೂ ನ್ಯಾಯಮೂರ್ತಿಗಳ ಮೌಲ್ಯದ ಕಣ್ಣಿನಲ್ಲಿ ತೇರ್ಗಡೆಯಾಗಬೇಕಾಗುತ್ತದೆ, ಆಗ ಧಾರ್ಮಿಕ ಸ್ವಾತಂತ್ರ್ಯದಲ್ಲಿ ಉಳಿಯುವುದೇನು ಎಂದು ಅವರು ಕೇಳುತ್ತಾರೆ.

ಒಂಬತ್ತು ನ್ಯಾಯಮೂರ್ತಿಗಳ ಮುಂದಿಟ್ಟ ಪ್ರಶ್ನೆ ನಿಂತಿರುವುದು ಈ ಎರಡು ವಾದಗಳ ನಡುವೆ. ಸಂವಿಧಾನದ ಹಿಂದಿ ಪಾಠದಲ್ಲಿ 25ನೆಯ ವಿಧಿಯ ಈ ಪದಕ್ಕೆ ಆರಿಸಿಕೊಂಡಿರುವುದು ‘ಸದಾಚಾರ’ ಎಂಬ ಹಳೆಯ ಪದವನ್ನು. ಅದನ್ನು ಬಿಡಿಸಿದರೆ ಮೊದಲ ಭಾಗ ‘ಸತ್’, ಒಳ್ಳೆಯದು. ಎರಡನೆಯ ಭಾಗ ‘ಆಚಾರ’, ನಡೆದುಕೊಂಡು ಬಂದದ್ದು.